ಖಾಲಿ ಇದ್ದಾಗ ಧಡ್, ಲೋಡ್ ಇದ್ದಾಗ ಎಳೆತ: ಹಳೆಯ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹದ ಎಲ್ಲಿ?

ಪ್ರಶ್ನೆ: ನನ್ನದು ಹಳೆಯ ಪಿಕಪ್. ಅದರ ಇಂಜಿನ್ ತೆಗೆದು, ಜಪಾನಿನಿಂದ ಬಂದ ಟೊಯೋಟಾ ಟರ್ಬೊ ಡೀಸೆಲ್ ಇಂಜಿನ್ನು ಮತ್ತು ನಾಲ್ಕು ಗೇರಿನ ಎ340 ಆಟೋಮ್ಯಾಟಿಕ್ ಗೇರ್‌ಬಾಕ್ಸು ಕೂರಿಸಿದ್ದೇನೆ. ಡೀಸೆಲ್ ಪಂಪ್ ಮಾತ್ರ ಬೇರೆ ಇಂಜಿನ್ನಿನದು. ಎಕ್ಸಲೇಟರ್ ಒತ್ತಿದಾಗ ತಿರುಗುವ ಅದರ ಲಿವರ್, ಕೇಬಲ್ ಬ್ರಾಕೆಟ್ ಎಲ್ಲ ಇಲ್ಲೇ ವೆಲ್ಡಿಂಗ್ ಮಾಡಿಸಿದ್ದು. ಟೈರ್ 235/75 ಇತ್ತು, ಈಗ 31 ಇಂಚಿನದು ಹಾಕಿದ್ದೇನೆ. ತೋಟ ಶಿರಸಿ ಹತ್ತಿರ. ಕುಮಟಾದಿಂದ ಸಿಮೆಂಟ್, ಗೊಬ್ಬರ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ಎರಡರಿಂದ ಮೂರಕ್ಕೆ ಗೇರ್ ಬೀಳುವುದು ತೀರಾ ನಿಧಾನ. ಇಂಜಿನ್ ಸದ್ದು ತಕ್ಷಣ ಇಳಿಯುವುದಿಲ್ಲ, ಎಳೆದೂ ಎಳೆದೂ ಆಮೇಲೆ ಹಿಡಿಯುತ್ತದೆ. ಮೆಕ್ಯಾನಿಕ್ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಬಿಗಿ ಮಾಡಿದರು. ಈಗ ಲೋಡಿನಲ್ಲಿ ಪರವಾಗಿಲ್ಲ. ಆದರೆ ಖಾಲಿ ಗಾಡಿಯಲ್ಲಿ ಪೇಟೆಯೊಳಗೆ ಒಂದರಿಂದ ಎರಡಕ್ಕೆ ಧಡ್ ಅಂತ ಹೊಡೆಯುತ್ತದೆ. ನ್ಯೂಟ್ರಲ್‌ನಿಂದ ಡಿಗೆ ಹಾಕಿದರೂ ಗಾಡಿ ಜಗ್ಗುತ್ತದೆ. ಸಡಿಲ ಮಾಡಿದರೆ ಮತ್ತೆ ಹಳೇ ತೊಂದರೆ. ನಡುವಿನ ಹದ ಎಲ್ಲಿದೆ? ಶಿಫ್ಟ್ ಕಿಟ್ ಹಾಕಿಸಬೇಕಾ?

ಉತ್ತರ: ನಿಮ್ಮ ಗಾಡಿಯಲ್ಲಿ ಆ ನಡುವಿನ ಹದ ಕೇಬಲ್ಲಿನ ನಟ್ಟಿನಲ್ಲಿ ಸಿಗುವುದಿಲ್ಲ. ಎಷ್ಟು ತಿರುಗಿಸಿದರೂ ಸಿಗುವುದಿಲ್ಲ. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಮಾತು: ಲಿವರ್, ಬ್ರಾಕೆಟ್ ಇಲ್ಲೇ ಮಾಡಿಸಿದ್ದು. ತೊಂದರೆ ಬಹುಪಾಲು ಅಲ್ಲೇ ಇದೆ. ಶಿಫ್ಟ್ ಕಿಟ್ಟಿಗೆ, ಅಂದರೆ ಗೇರ್ ಗಟ್ಟಿಯಾಗಿ ಬೀಳುವಂತೆ ಮಾಡುವ ಬಿಡಿಭಾಗಗಳಿಗೆ, ದುಡ್ಡು ಹಾಕುವ ಮೊದಲು ಒಂದು ಸ್ಕೇಲು, ಒಂದು ಪ್ರೆಶರ್ ಗೇಜು ಹಿಡಿದು ಅರ್ಧ ದಿನ ಕೂರಿ. ಗೇರ್‌ಬಾಕ್ಸ್ ಬಿಚ್ಚದೆ ಮುಗಿಯುವ ಸಾಧ್ಯತೆ ಜಾಸ್ತಿ.

ಮೊದಲು ಎರಡು ಪ್ರಶ್ನೆ ಬೇರೆ ಬೇರೆ ಮಾಡಿಕೊಳ್ಳೋಣ. ಗೇರ್ ಯಾವಾಗ ಬೀಳುತ್ತದೆ ಅನ್ನುವುದು ಒಂದು. ಬೀಳುವಾಗ ಹೇಗೆ ಬೀಳುತ್ತದೆ ಅನ್ನುವುದು ಇನ್ನೊಂದು. ನಮ್ಮಲ್ಲಿ ಇವೆರಡನ್ನೂ ಸೇರಿಸಿ "ಗೇರ್ ಸರಿ ಬೀಳ್ತಿಲ್ಲ" ಅಂತ ಹೇಳಿಬಿಡುತ್ತೇವೆ. ಮೆಕ್ಯಾನಿಕ್ ಕೈಗೆ ಸಿಕ್ಕಿದ ನಟ್ ತಿರುಗಿಸುತ್ತಾನೆ. ಎ340ಯಲ್ಲಿ ಇಸಿಯು (ಗಾಡಿಯ ಕಂಪ್ಯೂಟರ್) ಇದ್ದ ಆವೃತ್ತಿಯಾದರೆ, ಗೇರ್ ಯಾವಾಗ ಬೀಳಬೇಕು ಅನ್ನುವುದನ್ನು ಇಸಿಯು ತೀರ್ಮಾನಿಸುತ್ತದೆ. ಗಾಡಿಯ ವೇಗ ಎಷ್ಟು, ಎಕ್ಸಲೇಟರ್ ಎಷ್ಟು ಒತ್ತಿದೆ ಅಂತ ಸೆನ್ಸರಿನಿಂದ ತಿಳಿದುಕೊಂಡು ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಮೂಲಕ ಗೇರ್ ಬದಲಿಸುತ್ತದೆ. ಅಲ್ಲಿ ಕೇಬಲ್ಲಿಗೆ ಇರುವುದು ಒಂದೇ ಕೆಲಸ. ಒಳಗಿನ ಎಣ್ಣೆಯ ಪ್ರೆಶರ್ ಎಷ್ಟಿರಬೇಕು ಅಂತ ಹೇಳುವುದು. ಪೂರ್ತಿ ಎಣ್ಣೆಯ ಒತ್ತಡದ ಮೇಲೇ ನಡೆಯುವ ಹಳೆಯ ಗೇರ್‌ಬಾಕ್ಸುಗಳಲ್ಲಿ, ಉದಾಹರಣೆಗೆ ಟೊಯೋಟಾದ ಎ43ಡಿಯಲ್ಲಿ, ಕೇಬಲ್ ಎರಡೂ ಕೆಲಸ ಮಾಡುತ್ತದೆ. ಅಲ್ಲಿ ಕೇಬಲ್ ಬಿಗಿಯಾದರೆ ಗೇರ್ ತಡವಾಗಿ ಬೀಳುತ್ತದೆ, ಗಟ್ಟಿಯಾಗಿಯೂ ಬೀಳುತ್ತದೆ. ನಿಮ್ಮ ದೂರು "ಹೇಗೆ" ಎಂಬುದರ ಬಗ್ಗೆ. ಅಂದರೆ ಪ್ರೆಶರ್ ಬಗ್ಗೆ.

ಈ ಪ್ರೆಶರ್ ಯಾಕೆ ಏರಿಳಿಯಬೇಕು? ಗೇರ್‌ಬಾಕ್ಸ್ ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಎಣ್ಣೆ. ಇಂಜಿನ್ ಮೆಲ್ಲಗೆ ಎಳೆಯುತ್ತಿದ್ದರೆ ಮೆಲ್ಲಗೆ ಹಿಡಿದರೆ ಸಾಕು. ಇಂಜಿನ್ ಪೂರ್ತಿ ಜೋರಿನಲ್ಲಿದ್ದರೆ ಬಿಗಿಯಾಗಿ ಹಿಡಿಯಬೇಕು. ನೀವು ಎಕ್ಸಲೇಟರ್ ಒತ್ತಿದಷ್ಟೂ ಕೇಬಲ್ ಗೇರ್‌ಬಾಕ್ಸ್ ಒಳಗಿನ ಒಂದು ಕ್ಯಾಮ್ ತಿರುಗಿಸುತ್ತದೆ. ಅದು ಥ್ರಾಟಲ್ ವಾಲ್ವ್ ಒತ್ತುತ್ತದೆ, ಪ್ರೆಶರ್ ಏರುತ್ತದೆ. ಎ340ಯ ಎರಡನೇ ಗೇರಿನ ಅನುಪಾತ 1.531, ಮೂರನೆಯದು 1.000. ಅಂದರೆ ಎರಡರಲ್ಲಿ ಇಂಜಿನ್ 3000 ತಿರುಗುತ್ತಿದ್ದರೆ ಮೂರಕ್ಕೆ ಬಿದ್ದಾಗ ಹೆಚ್ಚು ಕಡಿಮೆ 1960ಕ್ಕೆ ಇಳಿಯಬೇಕು. ಇಳಿಸುವ ಕೆಲಸ ಕ್ಲಚ್ ಪ್ಲೇಟಿನದು. ಅಷ್ಟು ಹೊತ್ತೂ ಅದು ಉಜ್ಜುತ್ತಲೇ ಇರುತ್ತದೆ. ಪ್ರೆಶರ್ ಸಾಲದಿದ್ದರೆ ಉಜ್ಜುವ ಹೊತ್ತು ಉದ್ದವಾಗುತ್ತದೆ, ಪ್ಲೇಟ್ ಕಾಯುತ್ತದೆ, ಸುಡುತ್ತದೆ. ಸೀಟಿನಲ್ಲಿ ಕೂತವರಿಗೆ ಮಾತ್ರ "ಆಹಾ, ಎಷ್ಟು ನಯವಾಗಿ ಬಿತ್ತು" ಅನ್ನಿಸುತ್ತದೆ. ಲೋಡ್ ಗಾಡಿಯಲ್ಲಿ ಅತಿ ನಯ ಅಂದರೆ ನನಗೆ ಭಯ.

ನೀವು ಬರೆದ ಒಂದು ವಿವರ ನನಗೆ ಸಮಾಧಾನ ತಂದಿದೆ. ಇಂಜಿನ್ ಸದ್ದು ಇಳಿಯುವುದು ತಡ ಆಗುತ್ತದೆ ಅಂದಿರಿ. ಮೇಲಕ್ಕೆ ಹಾರುತ್ತದೆ ಅನ್ನಲಿಲ್ಲ. ಈ ಗೇರ್‌ಬಾಕ್ಸಿನಲ್ಲಿ ಎರಡನೇ ಗೇರನ್ನು ಒಂದೇ ದಿಕ್ಕಿಗೆ ತಿರುಗುವ ಕ್ಲಚ್ ಹಿಡಿದಿರುತ್ತದೆ. ಮೂರನೆಯದರ ಕ್ಲಚ್ ಪೂರ್ತಿ ಹಿಡಿಯುವ ತನಕ ಅದು ಕೈ ಬಿಡುವುದಿಲ್ಲ. ಹಾಗಾಗಿ ಮೂರರ ಕ್ಲಚ್ ಸುಸ್ತಾಗಿದ್ದರೆ ಎಳೆತ ಕಾಣುತ್ತದೆ, ಅಷ್ಟೇ. ಇಂಜಿನ್ ಒಮ್ಮೆಲೇ ಬಂಯ್ ಅಂತ ರೇಸ್ ಆಗುತ್ತಿದ್ದರೆ ಮುಂದಿನ ಗೇರುಗಳಿಗೆಲ್ಲ ಬೇಕಾದ ಫಾರ್ವರ್ಡ್ ಕ್ಲಚ್ಚೇ ಜಾರುತ್ತಿದೆ ಅಂತ ಅನುಮಾನ ಪಡಬೇಕಿತ್ತು. ಅದು ಗೇರ್‌ಬಾಕ್ಸ್ ಇಳಿಸುವ ಕೆಲಸ. ಘಟ್ಟದಲ್ಲಿ ಇನ್ನೊಮ್ಮೆ ಟ್ಯಾಕೋಮೀಟರ್ ಮುಳ್ಳು ನೋಡಿ ಖಚಿತ ಮಾಡಿಕೊಳ್ಳಿ.

ಈಗ ಲಿವರಿಗೆ ಬರೋಣ. ಗೇರ್‌ಬಾಕ್ಸ್ ಒಳಗಿನ ಕ್ಯಾಮ್ ಶುರುವಿನಿಂದ ಕೊನೆವರೆಗೆ ತಿರುಗಲು ಒಳತಂತಿ ಇಂತಿಷ್ಟು ಉದ್ದ ಹೊರಗೆ ಬರಲೇಬೇಕು. ಕಂಪನಿಯ ಲಿವರ್ ಇದ್ದರೆ ಎಕ್ಸಲೇಟರ್ ಪೂರ್ತಿ ಒತ್ತಿದಾಗ ಅಷ್ಟೇ ಉದ್ದ ಎಳೆಯುವಂತೆ ಮಾಡಿರುತ್ತಾರೆ. ನಿಮ್ಮದು ಬೇರೆ ಪಂಪು, ಬೇರೆ ಲಿವರು. ಅದು ಗೇರ್‌ಬಾಕ್ಸ್ ಕೇಳುವುದಕ್ಕಿಂತ ಕಡಿಮೆ ಎಳೆಯುತ್ತಿದ್ದರೆ ಏನಾಗುತ್ತದೆ ನೋಡಿ. ಐಡಲ್, ಅಂದರೆ ಕಾಲು ತೆಗೆದ ಸ್ಥಿತಿಯ ಕಡೆಯಿಂದ ಸರಿ ಮಾಡಿದರೆ ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ, ಆದರೆ ಪೂರ್ತಿ ಒತ್ತಿದಾಗ ತಂತಿ ಕೊನೆ ಮುಟ್ಟುವುದಿಲ್ಲ. ಪ್ರೆಶರ್ ಸಾಲದೆ ಘಟ್ಟದಲ್ಲಿ ಎಳೆತ. ಅದನ್ನು ಸರಿ ಮಾಡಲು ಬಿಗಿ ಮಾಡಿದರೆ ಕೊನೆ ಮುಟ್ಟುತ್ತದೆ, ಆದರೆ ಕಾಲು ತೆಗೆದಾಗಲೂ ತಂತಿ ಅರ್ಧ ಎಳೆದೇ ಇರುತ್ತದೆ. ನಿಂತಲ್ಲೇ ಪ್ರೆಶರ್ ಜಾಸ್ತಿ. ಡಿಗೆ ಹಾಕಿದ ತಕ್ಷಣ ಜಗ್ಗುತ್ತದೆ, ಪೇಟೆಯಲ್ಲಿ ಒಂದರಿಂದ ಎರಡಕ್ಕೆ ಹೊಡೆಯುತ್ತದೆ. ನಿಮಗೆ ಆಗಿರುವುದು ಇದೇ ಅಲ್ವಾ? ಚಿಕ್ಕ ಚಾದರ ಹೊದ್ದ ಹಾಗೆ, ತಲೆ ಮುಚ್ಚಿದರೆ ಕಾಲು ಹೊರಗೆ. ಚಾದರವನ್ನೇ ಉದ್ದ ಮಾಡಬೇಕು.

ಅಳೆಯುವುದು ಹೀಗೆ. ಇಂಜಿನ್ ಬಂದ್ ಇರಲಿ. ಲಿವರಿನಿಂದ ಕೇಬಲ್ಲಿನ ತುದಿ ಬಿಚ್ಚಿ. ಒಳತಂತಿಯನ್ನು ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಮೊದಲು ಸ್ವಲ್ಪ ಸುಮ್ನೆ ಬರುತ್ತದೆ, ಆಮೇಲೆ ಸ್ಪ್ರಿಂಗಿನ ತಡೆ ಕೈಗೆ ಸಿಗುತ್ತದೆ. ಆ ಜಾಗದಿಂದ ಇನ್ನು ಮುಂದೆ ಬರುವುದೇ ಇಲ್ಲ ಅನ್ನುವ ಜಾಗದ ತನಕ ಎಷ್ಟು ಮಿಲಿಮೀಟರ್ ಅಂತ ಅಳೆದು ಬರೆದಿಡಿ. ಇದು ಗೇರ್‌ಬಾಕ್ಸ್ ಕೇಳುವ ಲೆಕ್ಕ. ಈಗ ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಎಕ್ಸಲೇಟರ್ ಪೂರ್ತಿ ಒತ್ತಲು ಹೇಳಿ. ಲಿವರನ್ನು ನೀವು ಕೈಯಲ್ಲಿ ತಿರುಗಿಸಬೇಡಿ. ಕಾಲಿನಿಂದಲೇ ಒತ್ತಿಸಿ. ಎಷ್ಟೋ ಗಾಡಿಗಳಲ್ಲಿ ಪೆಡಲ್ ನೆಲ ಮುಟ್ಟಿದರೂ ಲಿವರ್ ಕೊನೆ ಮುಟ್ಟಿರುವುದಿಲ್ಲ. ಕೆಳಗೆ ದಪ್ಪ ಮ್ಯಾಟ್ ಹಾಕಿದ್ದರೆ ಕೇಳುವುದೇ ಬೇಡ. ಲಿವರಿನಲ್ಲಿ ಕೇಬಲ್ ಸಿಕ್ಕಿಸುವ ತೂತು ಈ ತುದಿಯಿಂದ ಆ ತುದಿಗೆ ಎಷ್ಟು ಸರಿಯಿತು ಅಂತ ಅಳೆಯಿರಿ. ಇದು ನಿಮ್ಮ ಲಿವರ್ ಕೊಡುವ ಲೆಕ್ಕ. ಎರಡೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ನಡೆಯುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಲಿವರ್ 45 ಡಿಗ್ರಿ ತಿರುಗುತ್ತದೆ ಅಂತಿಟ್ಟುಕೊಳ್ಳಿ. ಕೇಬಲ್ ತೂತು ಲಿವರಿನ ಬುಡದಿಂದ 30 ಮಿಲಿಮೀಟರ್ ದೂರ ಇದ್ದರೆ ತಂತಿ ಸುಮಾರು 23 ಮಿಲಿಮೀಟರ್ ಬರುತ್ತದೆ. ಅದೇ ತೂತು 45 ಮಿಲಿಮೀಟರ್ ದೂರ ಇದ್ದರೆ 34 ಮಿಲಿಮೀಟರ್ ಬರುತ್ತದೆ. ಗೇರ್‌ಬಾಕ್ಸ್ ಕೇಳುವುದು 34, ಲಿವರ್ ಕೊಡುವುದು 23 ಆದರೆ, ನಟ್ ತಿರುಗಿಸಿ 11 ಮಿಲಿಮೀಟರ್ ಎಲ್ಲಿಂದ ತರುತ್ತೀರಿ? ಲಿವರಿಗೆ ಒಂದು ಪಟ್ಟಿ ಸೇರಿಸಿ ತೂತನ್ನು ಹೊರಗೆ ಒಯ್ಯಬೇಕು. ವೆಲ್ಡಿಂಗ್ ಮಾಡುವುದಾದರೆ ಲಿವರನ್ನು ಪಂಪಿನಿಂದ ಬಿಚ್ಚಿ ಮಾಡಿಸಿ. ಪಂಪಿನ ಮೇಲೇ ಇಟ್ಟು ಮಾಡಿದರೆ ಒಳಗಿನ ಸೀಲ್ ಸುಟ್ಟು ಡೀಸೆಲ್ ಸೋರುತ್ತದೆ. ಬಿಚ್ಚುವ ಮೊದಲು ಲಿವರಿಗೂ ಅದರ ದಂಡಿಗೂ ಗುರುತು ಹಾಕಿಕೊಳ್ಳಿ, ಒಂದು ಹಲ್ಲು ಆಚೀಚೆ ಕೂತರೆ ಇಂಜಿನ್ನಿನ ಐಡಲ್ಲೇ ಕೆಡುತ್ತದೆ.

ಉದ್ದ ಸರಿಯಾದರೂ ಇನ್ನೊಂದು ಸೂಕ್ಷ್ಮ ಇದೆ, ಅದು ಕೋನ. ಲಿವರ್ ತನ್ನ ಓಟದ ನಡುವೆ ಇರುವಾಗ ಕೇಬಲ್ ಲಿವರಿಗೆ ನೇರ ಅಡ್ಡ ಬರಬೇಕು. ಆಗ ಒತ್ತಿದಷ್ಟಕ್ಕೆ ತಕ್ಕ ಹಾಗೆ ತಂತಿ ಬರುತ್ತದೆ. ಐಡಲ್‌ನಲ್ಲೇ ಅಡ್ಡ ಇದ್ದು, ಒತ್ತುತ್ತಾ ಹೋದ ಹಾಗೆ ಲಿವರ್ ಕೇಬಲ್ಲಿನ ಸಾಲಿಗೇ ಬಂದುಬಿಟ್ಟರೆ, ಮೊದಲ ಅರ್ಧದಲ್ಲಿ ತಂತಿ ಬೇಗ ಬೇಗ ಬರುತ್ತದೆ, ಕೊನೆಯ ಅರ್ಧದಲ್ಲಿ ತೀರಾ ಕಡಿಮೆ ಬರುತ್ತದೆ. ಮತ್ತೆ ಅದೇ ರೋಗ: ಸಣ್ಣ ಒತ್ತಿಗೆ ಧಡ್, ಘಟ್ಟದಲ್ಲಿ ಎಳೆತ. ಇದಕ್ಕೆ ಬ್ರಾಕೆಟ್ ಸರಿಸಬೇಕು. ಮೊದಲು ದಪ್ಪ ರಟ್ಟಿನಲ್ಲಿ ಒಂದು ಬ್ರಾಕೆಟ್ ಕತ್ತರಿಸಿ ಹಿಡಿದು ನೋಡಿ, ಆಮೇಲೆ ಕಬ್ಬಿಣದಲ್ಲಿ ಮಾಡಿಸಿ.

ಇಷ್ಟು ಆದ ಮೇಲೆ ನಟ್. ಕೇಬಲ್ಲಿನ ಒಳತಂತಿಯ ಮೇಲೆ ಒಂದು ಸಣ್ಣ ಲೋಹದ ಮಣಿ ಒತ್ತಿ ಕೂರಿಸಿರುತ್ತಾರೆ. ಹೊರಗವಚದ ತುದಿಗೆ ಉದ್ದನೆಯ ರಬ್ಬರ್ ಬೂಟ್ ಇರುತ್ತದೆ. ಕಾಲು ತೆಗೆದಾಗ ಮಣಿ ಬೂಟಿನ ಒಳಗೆ ಅಡಗಿರುತ್ತದೆ. ಎಕ್ಸಲೇಟರ್ ಪೂರ್ತಿ ಒತ್ತಿದಾಗ ಮಣಿ ಬೂಟಿನ ಬಾಯಿಗೆ ಬರಬೇಕು. ಬೂಟಿನ ತುದಿಗೂ ಮಣಿಗೂ ನಡುವೆ 0ಯಿಂದ 1 ಮಿಲಿಮೀಟರ್. ಇದು ಟೊಯೋಟಾ ಹೇಳುವ ಅಳತೆ. ಬ್ರಾಕೆಟ್ಟಿನ ಎರಡೂ ಕಡೆ ನಟ್ ಇರುತ್ತದೆ. ಹೊರಗವಚವನ್ನು ಲಿವರಿನಿಂದ ದೂರ ಸರಿಸಿದರೆ ತಂತಿ ಹೆಚ್ಚು ಎಳೆದಂತೆ, ಪ್ರೆಶರ್ ಜಾಸ್ತಿ. ಹತ್ತಿರ ತಂದರೆ ಕಡಿಮೆ. ಬೂಟ್ ಹರಿದು ಹೋಗಿದ್ದರೆ ಈ ಅಳತೆಗೆ ಅರ್ಥ ಇಲ್ಲ. ಹೊಸ ಕೇಬಲ್ ಹಾಕಿದರೆ ಮಣಿಯನ್ನು ನೀವೇ ಒತ್ತಿ ಕೂರಿಸಬೇಕಾಗಬಹುದು. ತಂತಿಯನ್ನು ಸಣ್ಣಗೆ ತಡೆ ಸಿಗುವ ತನಕ ಎಳೆದು ಹಿಡಿದು, ಹೊರಗವಚದ ತುದಿಯಿಂದ 0.8ರಿಂದ 1.5 ಮಿಲಿಮೀಟರ್ ದೂರದಲ್ಲಿ ಮಣಿ ಒತ್ತಬೇಕು. ಹಳೆಯ ಕೇಬಲ್ಲಿನಲ್ಲಿ ಯಾರೋ ಇಕ್ಕಳ ಹಾಕಿ ಮಣಿ ಸರಿಸಿದ್ದರೆ ಇಡೀ ಲೆಕ್ಕ ತಪ್ಪಿರುತ್ತದೆ, ಅದನ್ನೂ ನೋಡಿ.

ಎಸಿ ಹಾಕಿದಾಗ ಐಡಲ್ ಏರಿಸಲು ಪಂಪಿನ ಲಿವರನ್ನೇ ಎಳೆಯುವ ಡಯಾಫ್ರಾಮ್ ಇದ್ದರೆ, ಅದು ಕೇಬಲ್ಲನ್ನೂ ಎಳೆಯುತ್ತದೆ. ಹಾಗಾಗಿ ಇಂಜಿನ್ ಬಿಸಿ ಮಾಡಿ, ಎಸಿ ಬಂದ್ ಮಾಡಿ, ಐಡಲ್ ಸರಿ ಇಟ್ಟುಕೊಂಡ ಮೇಲೆ ಇಂಜಿನ್ ನಿಲ್ಲಿಸಿ ಈ ಅಳತೆ ಮಾಡಿ.

ಕಂಪನಿ ಅಳತೆಗೆ ತಂದ ಮೇಲೆ ರಸ್ತೆಗೆ ಒಯ್ಯಿರಿ. ಲೋಡಿಗೆ ಸ್ವಲ್ಪ ಗಟ್ಟಿ ಬೇಕು ಅನ್ನಿಸಿದರೆ ಒಂದು ಮಿಲಿಮೀಟರ್ ಬಿಗಿ ಮಾಡಿ, ಓಡಿಸಿ ನೋಡಿ. ಬೇಕಾದರೆ ಇನ್ನೊಂದು. ಅದಕ್ಕಿಂತ ಮುಂದೆ ಹೋಗಬೇಕು ಅನ್ನಿಸಿದರೆ ನಿಲ್ಲಿಸಿ, ತೊಂದರೆ ಬೇರೆ ಕಡೆ ಇದೆ. ಸಡಿಲದ ಕಡೆಗೆ ಮಾತ್ರ ಕಂಪನಿ ಅಳತೆ ದಾಟಬೇಡಿ. ಬಿಗಿಯಾದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್, ಗೇರ್‌ಬಾಕ್ಸ್ ಮೌಂಟಿಂಗ್ ಕಾಲಕ್ರಮೇಣ ಸವೆಯುತ್ತವೆ. ಸಡಿಲವಾದರೆ ಕ್ಲಚ್ ಪ್ಲೇಟುಗಳು ಸುಡುತ್ತವೆ. ಕೇಬಲ್ ತುಂಡಾಗಿ ಬಿಟ್ಟರೆ "ಮನೆ ತನಕ ಹೋಗಿಬಿಡೋಣ" ಅಂತ ಲೋಡ್ ಎಳೆಯಲೇಬೇಡಿ.

ಗೇಜ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಇದನ್ನು ಮಾಡುವವರು ಕಡಿಮೆ. ಗೇರ್‌ಬಾಕ್ಸಿನ ಬದಿಯಲ್ಲಿ ಪ್ರೆಶರ್ ನೋಡಲೆಂದೇ ಒಂದು ಸಣ್ಣ ಪ್ಲಗ್ ಇರುತ್ತದೆ. ಅದನ್ನು ಬಿಚ್ಚಿ, 20 ಕೆಜಿ ಅಥವಾ 300 ಪೌಂಡ್ ತನಕ ತೋರಿಸುವ ಗೇಜನ್ನು ಉದ್ದ ಪೈಪಿನಲ್ಲಿ ಹಾಕಿ. ಪೈಪ್ ಸೈಲೆನ್ಸರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ತಾಗದ ಹಾಗೆ ಕಟ್ಟಿ. ಎಣ್ಣೆ ಬಿಸಿಯಾಗಿರಲಿ, 50ರಿಂದ 80 ಡಿಗ್ರಿ. ಮೊದಲ ಪರೀಕ್ಷೆ ಪಾರ್ಕಿನಲ್ಲಿ: ಚಕ್ರಕ್ಕೆ ಕಟ್ಟೆ ಕೊಟ್ಟು, ಇಂಜಿನ್ ಐಡಲ್‌ನಲ್ಲಿ ಬಿಟ್ಟು, ಲಿವರಿನಿಂದ ಬಿಚ್ಚಿದ ಕೇಬಲ್ಲನ್ನು ಕೈಯಲ್ಲಿ ಎಳೆಯಿರಿ. ಮುಳ್ಳು ಸಲೀಸಾಗಿ ಏರಬೇಕು, ಬಿಟ್ಟಾಗ ಸಲೀಸಾಗಿ ಇಳಿಯಬೇಕು. ಹಾಗೆ ಏರಿದರೆ ಗೇರ್‌ಬಾಕ್ಸಿನ ಎಣ್ಣೆ ಪಂಪು, ಥ್ರಾಟಲ್ ವಾಲ್ವು ಚೆನ್ನಾಗಿವೆ, ತೊಂದರೆ ಹೊರಗಿನ ಲಿವರಿನಲ್ಲಿ. ಎಳೆದರೂ ಏರದಿದ್ದರೆ, ಅಥವಾ ತಡೆದು ತಡೆದು ಏರಿದರೆ, ತೊಂದರೆ ಒಳಗೆ. ಈ ಒಂದು ಪರೀಕ್ಷೆ ಸಾಕು, ಗೇರ್‌ಬಾಕ್ಸ್ ಸುಮ್ನೆ ಬಿಚ್ಚುವುದು ತಪ್ಪುತ್ತದೆ.

ಎರಡನೆಯ ಪರೀಕ್ಷೆ ಕೇಬಲ್ ಹಾಕಿ. ನಾಲ್ಕೂ ಚಕ್ರಕ್ಕೆ ಕಟ್ಟೆ, ಹ್ಯಾಂಡ್‌ಬ್ರೇಕ್, ಕಾಲ್ಬ್ರೇಕ್ ಬಿಗಿ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಡಿಗೆ ಹಾಕಿ ಐಡಲ್‌ನಲ್ಲಿ ಎಷ್ಟು ಅಂತ ನೋಡಿ. ಆಮೇಲೆ ಎಕ್ಸಲೇಟರ್ ಪೂರ್ತಿ ಒತ್ತಿ ಎಷ್ಟು ಅಂತ ನೋಡಿ. ಐದು ಸೆಕೆಂಡಿಗಿಂತ ಜಾಸ್ತಿ ಒತ್ತಬೇಡಿ, ಎಣ್ಣೆ ಕುದಿಯುತ್ತದೆ. ಮಧ್ಯೆ ನ್ಯೂಟ್ರಲ್‌ನಲ್ಲಿ ಬಿಟ್ಟು ತಣಿಯಲು ಬಿಡಿ. ಆರ್‌ನಲ್ಲೂ ಹೀಗೇ. ಡಿಯಲ್ಲಿ ಪೂರ್ತಿ ಒತ್ತಿದಾಗಿನ ಅಂಕಿ ಐಡಲ್ ಅಂಕಿಯ ಎರಡು ಪಟ್ಟಿಗಿಂತ ಜಾಸ್ತಿ ಇರಬೇಕು, ಆರ್‌ನಲ್ಲಿ ಡಿಗಿಂತ ಜಾಸ್ತಿ ಇರಬೇಕು. ಸರಿಯಾದ ಅಂಕಿ ಗೇರ್‌ಬಾಕ್ಸಿನ ಆವೃತ್ತಿಯ ಮೇಲೆ ಬದಲಾಗುತ್ತದೆ. ಪ್ಲೇಟಿನ ಮೇಲಿನ ನಂಬರ್ ಹಿಡಿದು ರಿಪೇರಿ ಪುಸ್ತಕದಲ್ಲಿ ನೋಡಿಕೊಳ್ಳಿ. ಎಲ್ಲ ಕಡೆಯೂ ಜಾಸ್ತಿ ಬಂದರೆ ಕೇಬಲ್, ಥ್ರಾಟಲ್ ವಾಲ್ವ್ ಅಥವಾ ರೆಗ್ಯುಲೇಟರ್ ವಾಲ್ವ್. ಎಲ್ಲ ಕಡೆಯೂ ಕಡಿಮೆ ಬಂದರೆ ಇವುಗಳ ಜೊತೆ ಎಣ್ಣೆ ಪಂಪನ್ನೂ ಸೇರಿಸಿ ಅನುಮಾನಿಸಬೇಕು. ಡಿಯಲ್ಲಿ ಮಾತ್ರ ಕಡಿಮೆ ಬಂದರೆ ಫಾರ್ವರ್ಡ್ ಕ್ಲಚ್ಚಿನ ದಾರಿಯಲ್ಲಿ ಎಣ್ಣೆ ಸೋರುತ್ತಿದೆ.

ಧಡ್ ಅನ್ನುವುದೆಲ್ಲ ಗೇರ್‌ಬಾಕ್ಸಿನದೇ ಅಲ್ಲ. ನಿಮ್ಮ ಗಾಡಿ ಲೋಡ್ ಹೊತ್ತು ಕೆಟ್ಟ ರಸ್ತೆಯಲ್ಲಿ ಓಡುವಂಥದ್ದು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಸ್ಲಿಪ್ ಜಾಯಿಂಟಿಗೆ ಗ್ರೀಸ್ ಹೊಡೆಯಿರಿ. ಗೇರ್‌ಬಾಕ್ಸ್ ಮೌಂಟಿಂಗ್ ರಬ್ಬರ್ ಎಣ್ಣೆ ಕುಡಿದು ಉಬ್ಬಿದೆಯಾ ನೋಡಿ. ಪಾಟಾದ (ಹಿಂದಿನ ಪಟ್ಟಿ ಸ್ಪ್ರಿಂಗಿನ) ಯು ಬೋಲ್ಟ್ ಬಿಗಿ ಇದೆಯಾ ನೋಡಿ. ಐಡಲ್ ಜಾಸ್ತಿ ಇಟ್ಟಿದ್ದರೆ ಡಿಗೆ ಹಾಕಿದಾಗ ಜಗ್ಗುವುದು ಸಹಜ.

ಎಣ್ಣೆಯನ್ನು ಬಿಸಿಯಲ್ಲೇ ನೋಡಬೇಕು, 70ರಿಂದ 80 ಡಿಗ್ರಿಯಲ್ಲಿ. ಇಂಜಿನ್ ಐಡಲ್‌ನಲ್ಲಿ ಓಡುತ್ತಿರಬೇಕು. ಬ್ರೇಕ್ ಒತ್ತಿಕೊಂಡು ಗೇರ್ ಲಿವರನ್ನು ಎಲ್ಲ ಸ್ಥಾನಕ್ಕೂ ಒಯ್ದು ಪಾರ್ಕಿಗೆ ತಂದು ಡಿಪ್‌ಸ್ಟಿಕ್ ತೆಗೆಯಿರಿ. ಹಳೆಯ ಎ340ಗೆ ಸಾಮಾನ್ಯವಾಗಿ ಡೆಕ್ಸ್‌ರಾನ್ 2 ಅಥವಾ 3 ಎಣ್ಣೆ. ಡಿಪ್‌ಸ್ಟಿಕ್ ಮೇಲೆ ಬರೆದದ್ದೇ ಕೊನೆಯ ಮಾತು. ಬೇರೆ ಜಾತಿ ಎಣ್ಣೆ ಹಾಕಿದರೂ ಗೇರ್ ಬೀಳುವ ರೀತಿ ಬದಲಾಗುತ್ತದೆ. ಕೆಂಪಗೆ ಇದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕೇಬಲ್ ಕೆಲಸ ಬದಿಗಿಡಿ, ಕೆಳಗಿನ ಪ್ಯಾನ್ ಬಿಚ್ಚಿಸಿ. ಪ್ಯಾನಿನ ಆಯಸ್ಕಾಂತದ ಮೇಲೆ ನುಣ್ಣನೆ ಬೂದು ಹಿಟ್ಟು ಸ್ವಲ್ಪ ಇರುವುದು ಸಾಮಾನ್ಯ. ಕಪ್ಪು ಚೂರು ಇದ್ದರೆ ಪ್ಲೇಟು ಹೋಗಿದೆ ಅಂತ ಅರ್ಥ, ಹೊಳೆಯುವ ಲೋಹದ ಚೂರು ಇದ್ದರೆ ಬೇರಿಂಗ್, ಗೇರು ಕೂಡ ಸವೆದಿರಬಹುದು. ಹಾಲು ಬೆರೆಸಿದ ಗುಲಾಬಿ ಬಣ್ಣ ಕಂಡರೆ ನೀರು ಸೇರಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಹಳ್ಳ ದಾಟುವ ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಗಾಳಿ ಆಡುವ ಬ್ರೀದರ್ ಪೈಪನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟುವುದು ಒಳ್ಳೆಯದು.

ಕಾರವಾರ, ಅಂಕೋಲಾ ಕಡೆ ಸಮುದ್ರದ ಪಕ್ಕ ನಿಲ್ಲುವ ಗಾಡಿಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಕೇಬಲ್ಲಿನ ತುಕ್ಕು. ಉಪ್ಪುಗಾಳಿಗೆ ಒಳತಂತಿ ತುಕ್ಕು ಹಿಡಿದು ಕವಚದಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲು ತೆಗೆದರೂ ತಂತಿ ಪೂರ್ತಿ ವಾಪಸ್ ಹೋಗುವುದಿಲ್ಲ. ಬೆಳಿಗ್ಗೆ ಒಂದು ರೀತಿ, ಮಧ್ಯಾಹ್ನ ಒಂದು ರೀತಿ ಗೇರ್ ಬೀಳುತ್ತದೆ. ನೀವು ಘಟ್ಟದ ಮೇಲಿದ್ದರೂ ಈ ಇಂಜಿನ್, ಗೇರ್‌ಬಾಕ್ಸ್ ಹಡಗಿನಲ್ಲಿ ಬಂದದ್ದು, ಎಲ್ಲೋ ಬಯಲಲ್ಲಿ ಬಿದ್ದಿದ್ದದ್ದು. ಕೇಬಲ್ ತುದಿ ಬಿಚ್ಚಿದಾಗ ತಂತಿ ಸ್ಪ್ರಿಂಗಿನ ಬಲಕ್ಕೆ ತಾನಾಗಿ ಒಳಗೆ ಹೋಗದಿದ್ದರೆ ಎಣ್ಣೆ ಬಿಟ್ಟು ಸುಧಾರಿಸಬೇಡಿ, ಹೊಸದು ಹಾಕಿ.

ಶಿಫ್ಟ್ ಕಿಟ್ ಬೇಕಾ ಅಂದಿರಿ. ಈಗ ಬೇಡ. ಕಿಟ್ ಏನು ಮಾಡುತ್ತದೆ ಅಂದರೆ, ಎಣ್ಣೆಯ ದಾರಿ ನಿಯಂತ್ರಿಸುವ ವಾಲ್ವ್ ಬಾಡಿಯ ಸ್ಪ್ರಿಂಗ್ ಬದಲಿಸುತ್ತದೆ, ಕೆಲವು ತೂತು ದೊಡ್ಡ ಮಾಡುತ್ತದೆ, ಅಕ್ಯುಮ್ಯುಲೇಟರ್ ಸ್ಪ್ರಿಂಗ್ ಗಟ್ಟಿ ಮಾಡುತ್ತದೆ. ಅಕ್ಯುಮ್ಯುಲೇಟರ್ ಅಂದರೆ ಸ್ಪ್ರಿಂಗ್ ಇರುವ ಪಿಸ್ಟನ್. ಕ್ಲಚ್ಚಿಗೆ ಎಣ್ಣೆ ನುಗ್ಗುವಾಗ ಅದು ಸ್ವಲ್ಪ ಎಣ್ಣೆ ತಾನು ತೆಗೆದುಕೊಂಡು ಹೊಡೆತ ತಗ್ಗಿಸುತ್ತದೆ. ಕೆಲವರು ಅದರ ಕೆಳಗೆ ವಾಷರ್ ಇಟ್ಟು ಚಲನೆಯನ್ನೇ ತಡೆದುಬಿಡುತ್ತಾರೆ. ಗೇರ್ ಬಿದ್ದದ್ದು ಬೆನ್ನಿಗೆ ಗೊತ್ತಾಗುತ್ತದೆ, ಓಡಿಸುವವನಿಗೆ ಖುಷಿ. ಆದರೆ ಆ ಹೊಡೆತ ಹಳೆಯ ಪಿಕಪ್ಪಿನ ಕ್ರಾಸ್, ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್ ಗೇರುಗಳ ಮೇಲೆ ಹೋಗಿ ಕೂರುತ್ತದೆ. ಲಿವರ್ ಸರಿ ಇದ್ದು, ಗೇಜ್ ಅಂಕಿ ಸರಿ ಬಂದು, ಆಗಲೂ ಲೋಡಿನಲ್ಲಿ ಎಳೆದರೆ ಮಾತ್ರ ಅಕ್ಯುಮ್ಯುಲೇಟರ್ ಸ್ಪ್ರಿಂಗ್ ಬಗ್ಗೆ ಯೋಚಿಸಿ. ಅದರ ರಬ್ಬರ್ ರಿಂಗ್ ಹಳತಾಗಿ ಗಟ್ಟಿಯಾಗಿದ್ದರೂ ಹೀಗೇ ಆಗುತ್ತದೆ. ಆಗ ಹೊಸ ರಿಂಗ್ ಹಾಕಿದರೆ ಸಾಕು.

ಟೈರಿನ ಮಾತು. 235/75 ಆರ್ 15 ಸುಮಾರು 733 ಮಿಲಿಮೀಟರ್ ಎತ್ತರ, 31 ಇಂಚು ಅಂದರೆ 787. ಗಾಡಿಯ ಗೇರಿಂಗ್ ಸುಮಾರು 7 ಶೇಕಡಾ ಎತ್ತರವಾಯಿತು. ಇಂಜಿನ್ನಿಗೂ ಕ್ಲಚ್ಚಿಗೂ ಅಷ್ಟು ಭಾರ ಜಾಸ್ತಿ. ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಗೇರ್ ಬೀಳುವ ವೇಗವೂ ಅಷ್ಟು ಮುಂದಕ್ಕೆ ಹೋಗುತ್ತದೆ. ಸಿಮೆಂಟ್ ಹೇರುವ ಗಾಡಿಗೆ ಹಳೆಯ ಅಳತೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ದೇವಿಮನೆಯಲ್ಲಿ ಆಗಲಿ, ಅರಬೈಲ್ ಘಟ್ಟದಲ್ಲಿ ಆಗಲಿ, ಲೋಡ್ ಇದ್ದಾಗ ಓವರ್‌ಡ್ರೈವ್ (ನಾಲ್ಕನೇ ಗೇರಿನ) ಬಟನ್ ಬಂದ್ ಮಾಡಿ. ಕಡಿದಾದ ತಿರುವುಗಳಲ್ಲಿ ಗೇರ್ ಲಿವರನ್ನು 2ಕ್ಕೇ ಇಡಿ. ಎರಡು-ಮೂರು, ಮೂರು-ಎರಡು ಅಂತ ಗೇರ್ ಓಡಾಡುತ್ತಿದ್ದರೆ ಪ್ರತಿ ಸಲವೂ ಪ್ಲೇಟು ಉಜ್ಜುತ್ತದೆ. ಇಳಿಯುವಾಗಲೂ 2 ಒಳ್ಳೆಯದು, ಬ್ರೇಕ್ ಉಳಿಯುತ್ತದೆ. ರೇಡಿಯೇಟರ್ ಮುಂದೆ ಗೇರ್‌ಬಾಕ್ಸ್ ಎಣ್ಣೆಗೆ ಬೇರೆಯೇ ಒಂದು ಕೂಲರ್ ಹಾಕಿಸಿ. ಶಿಫ್ಟ್ ಕಿಟ್ಟಿನ ದುಡ್ಡಿನಲ್ಲಿ ಇದನ್ನು ಮಾಡಿಸಿದರೆ ಗೇರ್‌ಬಾಕ್ಸಿನ ಆಯಸ್ಸು ನಿಜವಾಗಿ ಜಾಸ್ತಿ ಆಗುತ್ತದೆ.

ಭಟ್ಕಳ, ಹೊನ್ನಾವರ ಕಡೆಯ ಎಷ್ಟೋ ಜನ ಗಲ್ಫಿನಲ್ಲಿದ್ದಾರೆ. ಅಲ್ಲಿ ಹಳೆಯ ಅಮೆರಿಕನ್ ಪಿಕಪ್ ಇಟ್ಟುಕೊಂಡವರಿಗೂ ಎರಡು ಮಾತು. 1982ರಲ್ಲಿ ಬಂದ ಜನರಲ್ ಮೋಟರ್ಸಿನ 700ಆರ್4 ಗೇರ್‌ಬಾಕ್ಸಿಗೂ ಇಂಥದೇ ಕೇಬಲ್ ಇದೆ. ಅದರಲ್ಲಿ ಗುಂಡಿ ಒತ್ತಿ ಹಿಡಿದು ಸ್ಲೈಡರನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಗುಂಡಿ ಬಿಟ್ಟು, ಎಕ್ಸಲೇಟರ್ ಪೂರ್ತಿ ಒತ್ತಿದರೆ ಅದು ತಾನೇ ಹಲ್ಲು ಹಲ್ಲಾಗಿ ಸರಿದು ಕೂರುತ್ತದೆ. ಕಾರ್ಬುರೇಟರ್ ಬದಲಿಸಿದವರು ಅಲ್ಲೂ ಲಿವರಿನ ಉದ್ದವನ್ನೇ ನೋಡಬೇಕು. ಸಡಿಲ ಬಿಟ್ಟರೆ ಮೂರು-ನಾಲ್ಕರ ಕ್ಲಚ್ ಬೇಗ ಸುಡುತ್ತದೆ. ಅದೇ ಕಂಪನಿಯ ಟರ್ಬೊ 350, 400 ಗೇರ್‌ಬಾಕ್ಸುಗಳಲ್ಲಿ ಪ್ರೆಶರಿಗೆ ಕೇಬಲ್ ಇಲ್ಲ, ಇಂಜಿನ್ನಿನ ವ್ಯಾಕ್ಯೂಮ್ ಪೈಪಿನಿಂದ ನಡೆಯುವ ಮಾಡ್ಯುಲೇಟರ್ ಇದೆ. ಪೈಪ್ ಬಿಟ್ಟುಹೋದರೆ ಗೇರ್ ಹೊಡೆಯುತ್ತದೆ. ಪೈಪ್ ಒಳಗೆ ಕೆಂಪು ಎಣ್ಣೆ ಕಂಡರೆ ಅದರ ಡಯಾಫ್ರಾಮ್ ಹರಿದಿದೆ. 1993ರಿಂದ ಬಂದ ಅವರದೇ 4ಎಲ್60ಇ ಗೇರ್‌ಬಾಕ್ಸಿನಲ್ಲಿ ಎಲ್ಲ ಕಂಪ್ಯೂಟರಿನ ಕೈಯಲ್ಲಿ. ಪ್ರೆಶರ್ ಸೊಲೆನಾಯ್ಡಿಗೆ ಕರೆಂಟ್ ಬರದಿದ್ದರೆ ಅದು ಪೂರ್ತಿ ಪ್ರೆಶರಿಗೆ ಹೋಗುತ್ತದೆ, ಹಾಗಾಗಿ ಎಲ್ಲ ಗೇರೂ ಒಮ್ಮೆಲೇ ಗಟ್ಟಿಯಾಗಿ ಹೊಡೆಯಲು ಶುರುವಾದರೆ ಮೊದಲು ವೈರಿಂಗ್ ನೋಡಿ.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಇಂಜಿನ್ ಬದಲಿಸಿದ್ದು ಆರ್‌ಸಿಯಲ್ಲಿ ಸೇರಿದೆಯಾ? 1988ರ ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ಇದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಗಾಡಿಯ ಮೂಲ ರಚನೆ ಬದಲಿಸುವ ಬಗ್ಗೆ ಗಟ್ಟಿಯಾಗಿ ಹೇಳಿದೆ. ಘಟ್ಟದಲ್ಲಿ ಏನಾದರೂ ಆದರೆ ಇನ್ಶೂರೆನ್ಸಿನವರು ಮೊದಲು ನೋಡುವುದು ಇಂಜಿನ್ ನಂಬರ್. ಶಿರಸಿ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ಕಾಗದ ಸರಿ ಮಾಡಿಕೊಳ್ಳಿ.

ಅಳತೆ ಮಾಡಿದ ಮೇಲೆ ನನಗೆ ಬರೆಯಿರಿ. ಗೇರ್‌ಬಾಕ್ಸ್ ಕೇಳುವ ಮಿಲಿಮೀಟರ್, ಲಿವರ್ ಕೊಡುವ ಮಿಲಿಮೀಟರ್, ಡಿ ಮತ್ತು ಆರ್‌ನಲ್ಲಿ ಐಡಲ್ ಮತ್ತು ಪೂರ್ತಿ ಒತ್ತಿದಾಗಿನ ಪ್ರೆಶರ್, ಗೇರ್‌ಬಾಕ್ಸ್ ಪ್ಲೇಟಿನ ನಂಬರ್, ಎಣ್ಣೆಯ ಬಣ್ಣ. ಲಿವರಿನ ಫೋಟೋ ಬದಿಯಿಂದ ಎರಡು ತೆಗೆಯಿರಿ, ಒಂದು ಕಾಲು ತೆಗೆದಾಗ, ಒಂದು ಪೂರ್ತಿ ಒತ್ತಿದಾಗ. ತೂತು ಎಲ್ಲಿಗೆ ಒಯ್ಯಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.